ಬಹುವಚನದ ಗಂಡ

ಅಂಗಿಗೆ ಇಸ್ತ್ರಿ ಹಾಕುವಾಗ ಕಾಲರಿನಿಂದ ಶುರು ಮಾಡಬೇಕು. ಕಾಲರಿನ ಒಳಮೈ ಮೊದಲು, ಹೊರಮೈ ಆಮೇಲೆ. ನಂತರ ಭುಜ, ತೋಳಿನ ಪಟ್ಟಿ, ತೋಳು, ಬೆನ್ನು, ಕಟ್ಟಕಡೆಗೆ ಗುಂಡಿಗಳಿರುವ ಎದೆ. ಕ್ರಮ ತಪ್ಪಿದರೆ ಒಂದು ಕಡೆ ನೆಟ್ಟಗಾಗುವಷ್ಟರಲ್ಲಿ ಇನ್ನೊಂದು ಕಡೆ ಮುದುಡಿಕೊಂಡಿರುತ್ತದೆ. ಪರದೇಶದ ಊರೊಂದರಲ್ಲಿ, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರ ನೆಲಮಾಳಿಗೆಯಲ್ಲಿ ಅವಳು ಎಂಟು ವರ್ಷದಿಂದ ಡಾಕ್ಟರುಗಳ ಬಿಳಿ ಕೋಟುಗಳನ್ನು ಹೀಗೆ ನೆಟ್ಟಗೆ ಮಾಡುತ್ತಿದ್ದಳು. ಅಲ್ಲಿ ಎಲ್ಲರಿಗೂ ಅವಳು ಇಸ್ತ್ರಿಯಕ್ಕ. ಮೇಲ್ವಿಚಾರಕ ಅವಳಿಗಿಂತ ಹತ್ತು ವರ್ಷ ದೊಡ್ಡವನು, ಅವನಿಗೂ ಅಕ್ಕನೇ.

ಆ ಲಾಂಡ್ರಿಯಲ್ಲಿ ಎರಡು ಜಾತಿ: ಕೂತವರು ಮತ್ತು ನಿಂತವರು. ಕಾಯಂ ಪತ್ರ ಇದ್ದವರು ಹಬೆಯ ಮೆಷಿನ್ನಿನ ಮುಂದೆ ಸ್ಟೂಲಿನ ಮೇಲೆ ಕೂತು ಕಾಲಲ್ಲಿ ಪೆಡಲು ಒತ್ತುತ್ತಾರೆ. ತಾತ್ಕಾಲಿಕ ಚೀಟಿಯವರು ಕೈ ಇಸ್ತ್ರಿ ಹಿಡಿದು ನಿಲ್ಲುತ್ತಾರೆ. ಮೆಷಿನ್ನಿಗೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಪತ್ರ ಬೇಕು, ಪತ್ರ ಪರಿಶೀಲನೆಯಲ್ಲಿದೆ. ಹಾಗಾಗಿ ಇಸ್ತ್ರಿಯಕ್ಕ ಎಂಟು ವರ್ಷ ನಿಂತಿದ್ದಳು. ಅವಳ ಕಣಕಾಲಿನ ನರಗಳು ನೀಲಿ ದಾರದ ಹಾಗೆ ಗಂಟು ಕಟ್ಟಿಕೊಂಡಿದ್ದವು.

ಪೌರತ್ವದ ಪತ್ರಕ್ಕೆ ಅರ್ಜಿ ಹಾಕಿದ್ದು ಒಂಬತ್ತು ವರ್ಷದ ಹಿಂದೆ, ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಫೈಲು. ಮುಖ್ಯ ಅರ್ಜಿದಾರ ಎಂಬಲ್ಲಿ ಗಂಡನ ಹೆಸರು, ಅವಲಂಬಿತೆ ಎಂಬಲ್ಲಿ ಅವಳದು. ಪೌರತ್ವದ ಕಚೇರಿಯ ನಾಲ್ಕನೇ ಕೌಂಟರಿಗೆ ಪ್ರತಿ ಮೂರು ತಿಂಗಳಿಗೊಮ್ಮೆ ಹೋಗಿ ವಿಚಾರಿಸುವ ಕೆಲಸ ಮಾತ್ರ ಅವಲಂಬಿತೆಯದೇ. ಅಲ್ಲಿನ ಗುಮಾಸ್ತ ಪರದೆ ನೋಡಿ, ತಲೆಯೆತ್ತದೆ, ಪರಿಶೀಲನೆಯಲ್ಲಿದೆ ಎನ್ನುತ್ತಿದ್ದ. ಮೂವತ್ತನಾಲ್ಕು ಸಲ ಅಂದಿದ್ದ. ಅಷ್ಟೂ ಸಲದ ತಾರೀಖು, ಆವತ್ತು ಅವನು ಹಾಕಿಕೊಂಡಿದ್ದ ಅಂಗಿಯ ಬಣ್ಣ, ಆ ಕಾಲರಿಗೆ ಇಸ್ತ್ರಿ ಸರಿಯಾಗಿ ಬಿದ್ದಿತ್ತೋ ಇಲ್ಲವೋ, ಎಲ್ಲವೂ ಅವಳಿಗೆ ನೆನಪಿತ್ತು. ಮರೆವು ಅವಳ ಮನೆತನದಲ್ಲೇ ಇರಲಿಲ್ಲ. ಅವಳ ಅಜ್ಜಿ ಒಂದು ಮಾತಿಗೆ ಓರಗಿತ್ತಿಯ ಮನೆಯ ನೀರನ್ನು ನಲವತ್ತು ವರ್ಷ ಮುಟ್ಟಿರಲಿಲ್ಲ.

ಗಂಡ ಸಿಟಿ ಬಸ್ಸಿನ ಡ್ರೈವರು. ಕಂಪನಿ ಮಾಡಿಸಿಕೊಟ್ಟ ಕೆಲಸದ ಪತ್ರ ಅವನಲ್ಲಿದ್ದುದರಿಂದ ಅರ್ಜಿ ನಿಂತದ್ದು ಅವನಿಗೆ ಅಷ್ಟಾಗಿ ಚುಚ್ಚಿರಲಿಲ್ಲ. ಅವನು ಬೇಕೆಂದಾಗ ಗಡಿ ದಾಟಿ ಹೋಗಿಬರಬಹುದಿತ್ತು. ಅವಳ ಚೀಟಿ ಹಾಗಲ್ಲ. ಒಮ್ಮೆ ಆಚೆ ಹೋದರೆ ವಾಪಸು ಬರುವ ದಾರಿ ಮುಚ್ಚಿತು. ಆರನೇ ವರ್ಷ ಅವಳ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋದವನು ಅಳಿಯ, ಮಗಳಲ್ಲ. ಹಿಂತಿರುಗಿ ಬಂದು ಬೂಟು ಬಿಚ್ಚುತ್ತಾ ಅವನು ಹೇಳಿದ ಮೊದಲ ಮಾತು, ‘ಜನ ಚೆನ್ನಾಗಿ ಸೇರಿದ್ರು, ಊಟಕ್ಕೂ ಏನೂ ಕೊರತೆ ಮಾಡ್ಲಿಲ್ಲ’ ಎಂದು. ಅವಳು ಆ ಬೂಟುಗಳನ್ನು ತೆಗೆದುಕೊಂಡು ಹೋಗಿ ಒರೆಸಿಟ್ಟಳು. ತವರಿನ ಮಣ್ಣು ಅವಳ ಪಾಲಿಗೆ ಬಂದದ್ದು ಅಷ್ಟೇ, ಬೂಟಿನ ತಳಕ್ಕೆ ಅಂಟಿಕೊಂಡು ಬಂದದ್ದು. ಮಗುವಿನ ಮಾತು ಬಂದಾಗಲೆಲ್ಲ ಪತ್ರ ಬರಲಿ ಆಮೇಲೆ ನೋಡೋಣ ಎಂದುಕೊಂಡಿದ್ದರು. ಈಗ ಅವಳಿಗೆ ನಲವತ್ತೊಂದು.

ಅವಳು ಬೇಸರಪಟ್ಟಾಗಲೆಲ್ಲ ಗಂಡ ಟೀವಿಯಿಂದ ಕಣ್ಣು ತೆಗೆಯದೆ, ತಾಳಿದವನು ಬಾಳಿಯಾನು ಎನ್ನುತ್ತಿದ್ದ. ಇಸ್ತ್ರಿಯಕ್ಕ ಇದನ್ನು ಲಾಂಡ್ರಿಯಲ್ಲಿ ಹೇಳಿಕೊಂಡು, ತಾಳಿದವನು ಬಾಳ್ತಾನೆ ಸರಿ, ತಾಳಿದವಳು ಏನಾಗ್ತಾಳೆ ಅಂತ ಗಾದೆ ಮಾಡಿದವರು ಹೇಳೇ ಇಲ್ಲವಲ್ಲ ಎಂದಾಗ ಗುಂಡಿಯವಳು ಹಲ್ಲಿನಲ್ಲಿದ್ದ ಸೂಜಿ ನುಂಗುವ ಹಾಗೆ ನಕ್ಕಳು. ಗುಂಡಿಯವಳೆಂದರೆ ಕಿತ್ತುಹೋದ ಗುಂಡಿಗಳನ್ನು ಹೊಲಿಯುವವಳು, ಪಕ್ಕದ ಮೇಜಿನವಳು. ಅವಳ ಪತ್ರ ಹನ್ನೊಂದು ವರ್ಷಕ್ಕೆ ಬಂದಿತ್ತು. ಬಂದದ್ದು ಹೇಗೆ ಎಂದು ಆವತ್ತು ಮೊದಲ ಸಲ ಬಾಯಿ ಬಿಟ್ಟಳು. ಕೌಂಟರಿನಲ್ಲಿ ಕೇಳಿದರೆ ಕೌಂಟರಿನ ಉತ್ತರ ಸಿಗುತ್ತದೆ, ಫೈಲಿನ ನಕಲು ಕೇಳಬೇಕು. ನಮ್ಮ ಫೈಲನ್ನು ನಾವೇ ನೋಡುವ ಹಕ್ಕು ನಮಗಿದೆಯಂತೆ, ಅದಕ್ಕೊಂದು ಬೇರೆ ಅರ್ಜಿ ಇದೆಯಂತೆ.

ಇಸ್ತ್ರಿಯಕ್ಕ ನಕಲಿಗೆ ಬರೆದುಹಾಕಿದಳು. ಏಳು ವಾರದ ಮೇಲೆ ಕಂದು ಲಕೋಟೆಯಲ್ಲಿ ನೂರಾ ಹನ್ನೆರಡು ಹಾಳೆ ಬಂತು. ಅಲ್ಲಿನ ಭಾಷೆಯನ್ನು ಅವಳು ಅಂಗಡಿಯಲ್ಲಿ, ಬಸ್ಸಿನಲ್ಲಿ, ಲಾಂಡ್ರಿಯಲ್ಲಿ ಆಡಬಲ್ಲಳು. ಕಚೇರಿಯ ಬರಹ ಓದಲಾರಳು. ಗಂಡನಿಗೆ ತೋರಿಸಬಹುದಿತ್ತು. ತೋರಿಸಲಿಲ್ಲ, ಏಕೆಂದು ಆಗ ಅವಳಿಗೂ ಗೊತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಬಡಾವಣೆಯ ಲೈಬ್ರರಿಯಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಕೂರುತ್ತಿದ್ದರು. ಕನ್ನಡದವರ ಕಾಗದಪತ್ರ ಓದಿಹೇಳುವುದು ಅವರ ಬಿಟ್ಟಿ ಚಾಕರಿ. ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡುವ ಎಪ್ಪತ್ತು ದಾಟಿದ ಹೆಂಗಸು. ಇಸ್ತ್ರಿಯಕ್ಕ ಲಕೋಟೆಯನ್ನು ಅವರ ಮುಂದಿಟ್ಟಳು.

ಮೊದಲ ಮೂವತ್ತು ಹಾಳೆ ರಸೀತಿಗಳು. ಮೂವತ್ತೊಂದನೆಯದರಲ್ಲಿ, ಅರ್ಜಿ ಹಾಕಿದ ಹೊಸತರಲ್ಲಿ ಅವಳನ್ನು ಒಬ್ಬಳನ್ನೇ ಕೂರಿಸಿ ನಡೆಸಿದ ಸಂದರ್ಶನದ ವರದಿ ಇತ್ತು. ಆವತ್ತು ಅಧಿಕಾರಿಯ ಮೇಜಿನ ಮೇಲೆ ಒಂದು ಫೋನು ಇಟ್ಟಿದ್ದರು, ಫೋನಿನೊಳಗೆ ಒಬ್ಬ ದುಭಾಷಿ. ಕನ್ನಡವನ್ನು ಅಜ್ಜನ ಬಾಯಲ್ಲಿ ಕೇಳಿ ಕಲಿತವನಂತೆ. ಟೀಚರಮ್ಮ ಓದುತ್ತಾ ಹೋದರು, ಓದುತ್ತಾ ನಿಧಾನವಾದರು, ಆಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟು ಕೇಳಿದರು:

‘ಮನೇಲಿ ಯಾರ್ಯಾರಿದ್ದೀರಿ ಅಂತ ಕೇಳಿದ್ದಕ್ಕೆ ಏನಂದೆ, ನೆನಪಿದೆಯಾ?’

‘ನಾನು, ನಮ್ಮನೆಯವರು ಅಂದೆ.’

‘ಅದನ್ನ ಅವನು ಮನೆಯ ಜನ ಅಂತ ಹೇಳಿದ್ದಾನೆ. ಅವರು ಏನು ಮಾಡ್ತಾರೆ ಅಂತ ಕೇಳಿದ್ದಾರೆ. ಬಸ್ ಓಡಿಸ್ತಾರೆ ಅಂದಿದ್ದೀಯ. ಎಷ್ಟು ಹೊತ್ತಿಗೆ ಬರ್ತಾರೆ ಅಂದಿದ್ದಕ್ಕೆ?’

‘ಒಂದೊಂದು ದಿನ ಬೆಳಿಗ್ಗೆ ಬರ್ತಾರೆ, ಒಂದೊಂದು ದಿನ ಸಾಯಂಕಾಲ ಬರ್ತಾರೆ ಅಂದೆ. ಅವರ ಪಾಳಿ ಹಾಗೇ ಅಲ್ವಾ.’

‘ಕೆಲವರು ಬೆಳಿಗ್ಗೆ ಬರುತ್ತಾರೆ, ಕೆಲವರು ಸಾಯಂಕಾಲ ಬರುತ್ತಾರೆ. ಹಾಗಂತ ಇದೆ ಇಲ್ಲಿ.’ ಟೀಚರಮ್ಮ ಕನ್ನಡಕ ತೆಗೆದರು. ‘ನಿನ್ನ ಮರ್ಯಾದೆಯೇ ನಿನಗೆ ಮುಳುವಾಯ್ತಲ್ಲೇ, ತಾಯಿ. ನೀನು ಗಂಡನ್ನ ಬಹುವಚನದಲ್ಲಿ ಕರೆದೆ. ಇವರು ಎಣಿಸಿಬಿಟ್ಟಿದ್ದಾರೆ.’

ಎಣಿಸಿದ್ದು ಅಷ್ಟಕ್ಕೇ ನಿಂತಿರಲಿಲ್ಲ. ನಿಮ್ಮ ದಿನಚರಿ ಹೇಳಿ ಎಂದಾಗ ಅವಳು ಉತ್ಸಾಹದಿಂದ ಹೇಳಿದ್ದಳು. ಒಳ್ಳೆಯ ಹೆಂಡತಿ ಎಂದು ಗೊತ್ತಾದರೆ ಪತ್ರ ಬೇಗ ಬರುತ್ತದೆ ಎಂದುಕೊಂಡಿದ್ದಳು. ವಾರಕ್ಕೆ ಹದಿನಾಲ್ಕು ಅಂಗಿ ಒಗೆದು ಇಸ್ತ್ರಿ ಹಾಕುತ್ತೇನೆ: ಡ್ಯೂಟಿಯದು ಒಂದು, ಮನೆಗೆ ಬಂದ ಮೇಲಿನದು ಒಂದು. ದಿನಕ್ಕೆ ಐದು ಸಲ ಒಲೆ ಹಚ್ಚುತ್ತೇನೆ. ಅವರು ಮಲಗಿದಾಗ ಸದ್ದಾಗದ ಹಾಗೆ ಅಡುಗೆಮನೆಯಲ್ಲಿ ಚಾಪೆ ಹಾಕಿಕೊಳ್ಳುತ್ತೇನೆ. ಬಕೆಟ್ಟಿನಲ್ಲಿ ಸಾಕ್ಸು ನೆನೆಹಾಕುವುದನ್ನೂ ಬಿಟ್ಟಿರಲಿಲ್ಲ. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು ಕೊನೆಗೆ ತನ್ನ ಅಭಿಪ್ರಾಯ ಸೇರಿಸಿದ್ದ. ಟೀಚರಮ್ಮ ಅದನ್ನು ಒಂದೊಂದೇ ಪದ ಬಿಡಿಸಿ ಹೇಳಿದರು. ಒಬ್ಬ ವಯಸ್ಕ ಪುರುಷನಿಗೆ ಇಷ್ಟು ಕೆಲಸ ಇರಲು ಸಾಧ್ಯವಿಲ್ಲ. ಮನೆಯಲ್ಲಿ ಕನಿಷ್ಠ ನಾಲ್ವರು ಗಂಡಸರು ಇರುವಂತಿದೆ. ಪರವಾನಗಿಯಿಲ್ಲದ ಲಾಡ್ಜಿಂಗ್ ನಡೆಯುತ್ತಿರಬಹುದು. ಈಕೆ ಅಲ್ಲಿನ ಕೆಲಸದವಳಿರಬಹುದು.

ಇಸ್ತ್ರಿಯಕ್ಕನಿಗೆ ಮೊದಲು ನಗು ಬಂತು. ಲೈಬ್ರರಿಯವರು ತಿರುಗಿ ನೋಡುವಷ್ಟು ನಕ್ಕಳು. ಎರಡನೇ ವರ್ಷ ಮನೆಗೆ ತಪಾಸಣೆಗೆ ಬಂದಿದ್ದವನು ಬಚ್ಚಲಲ್ಲಿ ಹಲ್ಲುಜ್ಜುವ ಬ್ರಶ್ಶು ಎಣಿಸಿದ್ದು ಏಕೆಂದು ಈಗ ತಿಳಿಯಿತು. ಎರಡೇ ಇದ್ದವು. ಉಳಿದವನ್ನು ಬಚ್ಚಿಟ್ಟಿರುವ ಸಂಭವವಿದೆ ಎಂದು ಅವನು ಬರೆದಿದ್ದ. ಅವನಿಗೆ ಅವಳು ಕಾಫಿ ಬೇರೆ ಮಾಡಿಕೊಟ್ಟಿದ್ದಳು.

‘ಇಷ್ಟೇ ಆಗಿದ್ರೆ ಆರು ತಿಂಗಳಲ್ಲಿ ಬಗೆಹರೀತಿತ್ತು’ ಎಂದು ಟೀಚರಮ್ಮ ಇನ್ನೊಂದು ಹಾಳೆ ಎತ್ತಿಕೊಂಡರು. ‘ನಿನ್ನ ಗಂಡನ್ನ ಕೇಳಿದ್ದಾರೆ. ಮನೆಯಲ್ಲಿ ಯಾರಿದ್ದಾರೆ, ಹೆಂಡತಿ ಏನೇನು ಕೆಲಸ ಮಾಡ್ತಾರೆ, ಬರೆದುಕೊಡಿ ಅಂತ. ಅವನು ಬರೆದುಕೊಟ್ಟಿದ್ದಾನೆ.’

ಹಾಳೆಯ ತುಂಬ ಜಾಗ ಇತ್ತು. ಗಂಡ ಬರೆದದ್ದು ಒಂದೂವರೆ ಸಾಲು. ಮನೆಯಲ್ಲಿ ನಾವಿಬ್ಬರೇ. ನನ್ನ ಹೆಂಡತಿಗೆ ಯಾವ ಕೆಲಸವೂ ಇಲ್ಲ, ಮನೆಯಲ್ಲಿ ಸುಮ್ಮನೆ ಇರುತ್ತಾಳೆ.

ಹೆಂಡತಿ ಬೆಟ್ಟದಷ್ಟು ಕೆಲಸ ಹೇಳುತ್ತಾಳೆ, ಗಂಡ ಏನೂ ಇಲ್ಲ ಎನ್ನುತ್ತಾನೆ. ಹೇಳಿಕೆಗಳು ಹೊಂದುತ್ತಿಲ್ಲ ಎಂದು ಬರೆದು, ಹೊಂದದ ಫೈಲುಗಳ ರಾಶಿಗೆ ಸೇರಿಸಿದ್ದರು. ಆ ರಾಶಿಯನ್ನು ಯಾರೂ ಕೈಯಿಂದ ಮುಟ್ಟುವುದಿಲ್ಲ. ಒಂಬತ್ತು ವರ್ಷ.

ಇಸ್ತ್ರಿಯಕ್ಕನ ನಗು ನಿಂತಿತು. ಅವನು ಕಾಗದ ಬಚ್ಚಿಟ್ಟಿದ್ದರೆ, ಬೇಕೆಂದು ಅಡ್ಡಗಾಲು ಹಾಕಿದ್ದರೆ ಅವಳು ಕೂಗಾಡಿ ಅತ್ತು ಮುಗಿಸುತ್ತಿದ್ದಳೇನೋ. ಅವನು ಮೋಸ ಮಾಡಿರಲಿಲ್ಲ. ಅವಳು ಇಸ್ತ್ರಿ ಹಾಕಿಟ್ಟ ಅಂಗಿ ಹಾಕಿಕೊಂಡು, ಅವಳು ಕಟ್ಟಿಕೊಟ್ಟ ಡಬ್ಬಿ ತಿಂದು, ಡಿಪೋದ ಬೆಂಚಿನ ಮೇಲೆ ಕೂತು ತನಗೆ ನಿಜವೆನಿಸಿದ್ದನ್ನೇ ಬರೆದಿದ್ದ. ನಿಜವೆನಿಸಿದ್ದಕ್ಕೆ ಕೂಗಾಡಿ ಮುಗಿಸಲು ಬರುವಂತಿರಲಿಲ್ಲ.

ಈಗಿರುವುದು ಎರಡು ದಾರಿ ಎಂದರು ಟೀಚರಮ್ಮ. ನಾನು ಆವತ್ತು ತಪ್ಪು ಹೇಳಿದ್ದೆ, ಗಂಡ ಹೇಳಿದ್ದೇ ಸರಿ ಎಂದು ಅವಳು ಬರೆದುಕೊಟ್ಟರೆ, ಭಾಷೆಯ ತೊಡಕು ಎಂದುಕೊಂಡು ಒಂದೆರಡು ತಿಂಗಳಲ್ಲಿ ಇಬ್ಬರಿಗೂ ಪತ್ರ ಕೊಟ್ಟುಬಿಡುತ್ತಾರೆ. ಇಲ್ಲವಾದರೆ ಇಬ್ಬರನ್ನೂ ಎದುರಿಗೆ ಕೂರಿಸಿ ವಿಚಾರಣೆ ಮಾಡಿ ಎಂದು ಕೇಳಬಹುದು. ಅದರಲ್ಲಿ ಅಪಾಯ ಉಂಟು: ಯಾರ ಹೇಳಿಕೆ ಸುಳ್ಳೆಂದು ತೀರ್ಮಾನವಾಗುತ್ತದೋ ಅವರು ಸಾಲಿನ ಕೊನೆಗೆ ಹೋಗಿ ಹೊಸದಾಗಿ ನಿಲ್ಲಬೇಕು. ಸೋತರೆ ಅವಳಿಗೆ ಇನ್ನೂ ಒಂಬತ್ತು ವರ್ಷ.

‘ವಿಚಾರಣೆ ಅಂತ ಬರೀರಿ ಟೀಚರಮ್ಮ’ ಎಂದಳು.

‘ಮನೆಗೆ ಹೋಗಿ ಯೋಚನೆ ಮಾಡು.’

‘ಎಂಟು ವರ್ಷ ನಿಂತ್ಕೊಂಡು ಯೋಚನೆ ಮಾಡಿದ್ದೀನಿ. ಬರೀರಿ.’

ಆ ಸಂಜೆ ಗಂಡ ಬಾಗಿಲು ತೆಗೆದುಕೊಂಡು ಒಳಗೆ ಬಂದಾಗ ಅವಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ‘ಬಂದೆಯಾ?’ ಎಂದಳು. ಅವನು ಹಿಂದೆ ತಿರುಗಿ ನೋಡಿದ. ತನ್ನ ಜೊತೆ ಬೇರೆ ಯಾರಾದರೂ ಬಂದಿದ್ದಾರೋ ಎಂದು. ಹದಿನಾರು ವರ್ಷದ ಸಂಸಾರದಲ್ಲಿ ಅವನು ಅವಳ ಬಾಯಲ್ಲಿ ಏಕವಚನ ಕೇಳಿರಲಿಲ್ಲ.

ಅವಳು ಒಂದೂವರೆ ಸಾಲಿನ ಹಾಳೆಯನ್ನು ಅವನ ಕೈಗೆ ಕೊಟ್ಟಳು. ಅವನು ಓದಿದ, ಅದರಲ್ಲಿ ತಪ್ಪೇನಿದೆ ಎಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಎಲ್ಲರೂ ಹಾಗೇ ಬರೆಯೋದು ಕಣೇ ಎಂದ. ವಿಚಾರಣೆಯ ಸಂಗತಿ ಕೇಳಿದ ಮೇಲೆ ಮಾತ್ರ ಮಂಚದ ತುದಿಯಲ್ಲಿ ಕೂತ. ಅದಕ್ಕೆ ಕಾರಣವಿತ್ತು. ಡಿಪೋದ ಇನ್‌ಸ್ಪೆಕ್ಟರ್ ನಿವೃತ್ತನಾಗುವುದರಲ್ಲಿದ್ದ. ಆ ಕುರ್ಚಿಗೆ ಇವನ ಹೆಸರು ಓಡಾಡುತ್ತಿತ್ತು. ಪೌರತ್ವ ಇಲ್ಲದವರಿಗೆ ಅದು ಸಿಗುವ ಹಾಗಿರಲಿಲ್ಲ. ಒಂಬತ್ತು ವರ್ಷ ಅವಳೊಬ್ಬಳ ತಲೆನೋವಾಗಿದ್ದ ಪತ್ರ ಈಗ ಒಂದು ತಿಂಗಳಿಂದ ಅವನ ತಲೆನೋವೂ ಆಗಿತ್ತು.

‘ನೀನು ತಪ್ಪು ಹೇಳಿದ್ದೆ ಅಂತ ಬರೆದುಕೊಟ್ಟುಬಿಡು’ ಎಂದ. ‘ಇಬ್ಬರದೂ ಆಗಿಹೋಗುತ್ತೆ. ಒಂದು ಮಾತು ತಾನೇ?’

‘ನಿನ್ನದೂ ಒಂದೇ ಮಾತು ತಾನೇ? ನೀನೇ ತಪ್ಪು ಬರೆದಿದ್ದೆ ಅಂತ ಹೇಳು.’

‘ಗಂಡಸು ಹೋಗಿ, ಇವಳು ನನ್ನ ಸಾಕ್ಸು ಒಗೀತಾಳೆ ಅಂತ ಸರ್ಕಾರಕ್ಕೆ ಬರೆದುಕೊಡ್ಲಾ?’

‘ಕೊಡಬೇಡ ಹಾಗಾದ್ರೆ. ನಿನ್ನ ಹೇಳಿಕೆ ನಿಜ ಮಾಡ್ತೀನಿ.’

ಮಾರನೆಯ ಬೆಳಿಗ್ಗೆಯಿಂದ ಅವಳು ಸುಮ್ಮನೆ ಇದ್ದಳು. ಲಾಂಡ್ರಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಒಬ್ಬರಿಗಾಗುವಷ್ಟು ಬೇಯಿಸಿಕೊಂಡು ಒಂದು ತಟ್ಟೆ, ಒಂದು ಲೋಟ ತೊಳೆದಿಡುತ್ತಿದ್ದಳು. ಪಾತ್ರೆ ಮುಚ್ಚಳ ತೆಗೆದು ಬರಿದಾದುದನ್ನು ಕಂಡ ಗಂಡ ಮೊದಲ ದಿನ ತಮಾಷೆ ಎಂದುಕೊಂಡ, ಎರಡನೇ ದಿನ ರೇಗಿದ, ಮೂರನೇ ದಿನ ಇದೇನು ನ್ಯಾಯ ಎಂದು ಕೇಳಿದ.

‘ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆ’ ಎಂದಳು ಇಸ್ತ್ರಿಯಕ್ಕ. ‘ನೀನು ಏನಾದ್ರೂ ಮಾಡಿದ್ದೀಯಾ, ಉಣ್ಣೋಕೆ?’

ಅಂಗಿಗಳು ಬಚ್ಚಲ ಮೂಲೆಯಲ್ಲಿ ಗುಡ್ಡೆ ಬಿದ್ದವು. ಎರಡನೇ ವಾರದಲ್ಲಿ ಅವನು ಆ ಗುಡ್ಡೆಯಿಂದಲೇ ಮೂಸಿ ಮೂಸಿ ಒಂದನ್ನು ಆರಿಸಿ ಹಾಕಿಕೊಂಡು ಹೋಗತೊಡಗಿದ. ಡಿಪೋದಲ್ಲಿ ಕೇಳಿದವರಿಗೆ ಹೆಂಡತಿ ಊರಿಗೆ ಹೋಗಿದ್ದಾಳೆ ಎಂದನಂತೆ. ಇದನ್ನು ಅವನೇ ಅವಳ ಮುಂದೆ ಬಾಯಿತಪ್ಪಿ ಹೇಳಿದ. ತಾಯಿಯ ಮುಖ ನೋಡಲೂ ಊರಿಗೆ ಹೋಗಲಾಗದಿದ್ದವಳನ್ನು ಒಂದು ಇಸ್ತ್ರಿಯಿಲ್ಲದ ಅಂಗಿಯ ಸಲುವಾಗಿ ಊರಿಗೆ ಕಳಿಸಿದನಲ್ಲ ಎಂದುಕೊಂಡಳು. ಅವಳ ಲೆಕ್ಕಕ್ಕೆ ಇನ್ನೊಂದು ತಾರೀಖು ಸೇರಿತು.

ಇದೆಲ್ಲ ಸುಲಭವಾಗಿತ್ತು ಎಂದಲ್ಲ. ಸಾಮಾನು ಎಲ್ಲೆಂದರಲ್ಲಿ ಬಿದ್ದಿರುವುದನ್ನು ನೋಡಿಕೊಂಡು ಕೂತಿರುವುದು ಒಗೆಯುವುದಕ್ಕಿಂತ ಕಷ್ಟದ ಕೆಲಸ. ಅವಳ ಕೈ ತಾನಾಗಿ ಚಾಚುತ್ತಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದಳು. ಗುಂಡಿಯವಳು ಇದನ್ನು ಕೇಳಿ, ಇನ್ನು ಹದಿನೈದು ದಿನ ತಡ್ಕೊಂಡ್ರೆ ಚಟ ಬಿಟ್ಟುಹೋಗುತ್ತೆ, ನಮ್ಮಪ್ಪ ಬೀಡಿ ಬಿಟ್ಟಿದ್ದು ಹಾಗೇ ಎಂದು ಧೈರ್ಯ ಹೇಳಿದಳು.

ತಿಂಗಳು ಕಳೆದು ವಿಚಾರಣೆಗೆ ಕರೆ ಬಂತು. ಕೋಣೆ ಚಿಕ್ಕದು. ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಯ ಮೇಲೆ ಹೋದ ತಿಂಗಳಲ್ಲೇ ನಿಂತುಹೋದ ಕ್ಯಾಲೆಂಡರು. ಅಧಿಕಾರಿ ಐವತ್ತರ ಸುಮಾರಿನ ಹೆಂಗಸು. ಸ್ವೆಟರಿನ ಮೊಣಕೈ ಸವೆದು ಅದೇ ಬಣ್ಣದ ಉಣ್ಣೆಯಿಂದ ರಫೂ ಮಾಡಿದ್ದು ಇಸ್ತ್ರಿಯಕ್ಕನ ಕಣ್ಣಿಗೆ ಮೊದಲು ಬಿತ್ತು. ಈ ಸಲ ಫೋನು ಇರಲಿಲ್ಲ. ದುಭಾಷಿಯಾಗಿ ಒಬ್ಬ ಹುಡುಗಿ ಬಂದಿದ್ದಳು, ಶುದ್ಧವಾಗಿ ಕನ್ನಡ ಬಲ್ಲವಳು. ಗಂಡ ತಾನೇ ನೀರಿನಲ್ಲಿ ಅದ್ದಿ ಕೈಯಲ್ಲಿ ತೀಡಿ ಒಣಗಿಸಿದ ಅಂಗಿ ಹಾಕಿಕೊಂಡಿದ್ದ. ಕಾಲರಿನ ಒಂದು ತುದಿ ಆಕಾಶ ನೋಡುತ್ತಿತ್ತು. ಅವಳ ಬೆರಳು ಅದರತ್ತ ಹೊರಟೇಬಿಟ್ಟಿತ್ತು. ಅವಳು ಚೀಲದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಧಿಕಾರಿ ಹಳೆಯ ವರದಿಯನ್ನು ಓದಿ, ಮನೆಯಲ್ಲಿ ಎಷ್ಟು ಗಂಡಸರಿದ್ದಾರೆ ಎಂದು ಕೇಳಿದರು.

‘ಒಬ್ಬ’ ಎಂದಳು ಇಸ್ತ್ರಿಯಕ್ಕ.

‘ಆವತ್ತು ಅವರು, ಅವರು ಎಂದು ಹೇಳಿದ್ದೀರಿ.’

‘ಮರ್ಯಾದೆಗೆ ಹಾಗಂದಿದ್ದೆ.’

ಗಂಡನನ್ನು ಕನ್ನಡದ ಹೆಂಗಸರು ಹೇಗೆ ಕರೆಯುತ್ತಾರೆಂದು ದುಭಾಷಿ ಹುಡುಗಿ ವಿವರಿಸಿದಳು. ಅಧಿಕಾರಿ ಪೆನ್ನನ್ನು ಕೆಳಗಿಟ್ಟು ಕೇಳಿಸಿಕೊಂಡರು. ಈಗ ಯಾಕೆ ಏಕವಚನ ಎಂದು ಕೇಳಿದರು.

‘ಎಣಿಸೋರಿಗೆ ಸುಲಭವಾಗಲಿ ಅಂತ.’

ಆಮೇಲೆ ದಿನಚರಿ ಕೇಳಿದರು. ಒಂಬತ್ತು ವರ್ಷದ ಹಿಂದೆ ಹೇಳಿದ್ದನ್ನೇ ಅವಳು ಮತ್ತೆ ಹೇಳಿದಳು. ಹದಿನಾಲ್ಕು ಅಂಗಿ, ಐದು ಸಲ ಒಲೆ, ಸಾಕ್ಸಿನ ಬಕೆಟ್ಟು. ಲಾಂಡ್ರಿಯ ಎಂಟು ಗಂಟೆಯನ್ನು ಮಾತ್ರ ಹೊಸದಾಗಿ ಸೇರಿಸಿದಳು. ಈಚಿನ ಒಂದು ತಿಂಗಳು ಇದ್ಯಾವುದನ್ನೂ ಮಾಡಿಲ್ಲ, ಬಚ್ಚಲಲ್ಲಿ ಗುಡ್ಡೆ ಇದೆ, ಬೇಕಾದರೆ ಬಂದು ಎಣಿಸಬಹುದು ಎಂದಳು. ಇಷ್ಟೂ ಒಬ್ಬನಿಗೇ ಎಂದು ಅಧಿಕಾರಿ ಎರಡು ಸಲ ಕೇಳಿದರು. ಒಬ್ಬನಿಗೇ ಎಂದು ಅವಳು ಎರಡು ಸಲ ಹೇಳಿದಳು.

ಈಗ ಗಂಡನ ಸರದಿ. ಅಲ್ಲಿನ ಭಾಷೆಯಲ್ಲಿ ಅವನು ಚೆನ್ನಾಗಿ ಮಾತಾಡುತ್ತಿದ್ದ. ಸ್ವಲ್ಪ ನಕ್ಕು, ಮನೆ ಅಂದಮೇಲೆ ಅಷ್ಟಿಷ್ಟು ಇದ್ದೇ ಇರುತ್ತದೆ, ಅದನ್ನೆಲ್ಲ ಕೆಲಸ ಎನ್ನಲಾದೀತೇ ಎಂದ. ಅಧಿಕಾರಿ ನಗಲಿಲ್ಲ. ಹೆಂಡತಿ ಈ ಕೆಲಸಗಳನ್ನು ಮಾಡುತ್ತಿದ್ದರೋ ಇಲ್ಲವೋ ಎಂದು ಕೇಳಿದರು. ಹೌದು ಎಂದರೆ ಅವನ ಒಂದೂವರೆ ಸಾಲು ಸುಳ್ಳಾಗುತ್ತದೆ. ಅವನು ಇಲ್ಲ ಎಂದ. ಹಾಗಾದರೆ ಮಾಡುವವರು ಯಾರು ಎಂಬ ಪ್ರಶ್ನೆ ಬಂತು. ಇಬ್ಬರೂ ಸೇರಿ ಮಾಡಿಕೊಳ್ಳುತ್ತೇವೆ ಎಂದುಬಿಟ್ಟ. ಎದುರಿಗೆ ಬಂದ ಮೊದಲ ತಿರುವಿಗೆ ಬಸ್ಸು ತಿರುಗಿಸಿದ ಹಾಗೆ.

ಅಧಿಕಾರಿ ತಪಾಸಣೆಯವನು ಬರೆದಿದ್ದ ಹಾಳೆಯನ್ನು ತೆಗೆದುಕೊಂಡರು. ನಿಮ್ಮ ಒಲೆಯಲ್ಲಿ ಯಾವ ಬರ್ನರು ಹತ್ತುವುದಿಲ್ಲ ಎಂದು ಕೇಳಿದರು.

ಗಂಡ ಯೋಚಿಸಿದ. ಎಲ್ಲವೂ ಹತ್ತುತ್ತವೆ ಎಂದ. ಹಿಂದಿನ ಎಡಗಡೆಯದು ಮನೆಗೆ ಬಂದ ವರ್ಷದಿಂದ ಕೆಟ್ಟಿತ್ತು.

ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಹೊರಗೆ ಎಂದ. ಆ ಮನೆಗೆ ಹೊರಗೆ ಎಂಬುದೇ ಇರಲಿಲ್ಲ. ಮೂರನೇ ಮಹಡಿ, ಮಲಗುವ ಕೋಣೆಯ ಕಿಟಕಿಗೆ ಕಟ್ಟಿದ ಹಗ್ಗ, ಆ ಹಗ್ಗದ ಕೆಳಗೇ ಅವನ ತಲೆದಿಂಬು. ಇಸ್ತ್ರಿಪೆಟ್ಟಿಗೆ ಎಲ್ಲಿಡುತ್ತೀರಿ? ಅವನು ಹೆಂಡತಿಯ ಕಡೆ ತಿರುಗಿದ. ಬೀಗದ ಕೈ ಸಿಗದಿದ್ದಾಗ, ಕನ್ನಡಕ ಸಿಗದಿದ್ದಾಗ, ಎದುರಿಗೇ ಇರುವ ಉಪ್ಪು ಕಾಣದಿದ್ದಾಗ ತಿರುಗುವ ಹಾಗೆಯೇ, ಉತ್ತರ ಬಂದೇ ಬರುತ್ತದೆಂಬ ನಂಬಿಕೆಯ ಮುಖ. ಇಸ್ತ್ರಿಯಕ್ಕ ಕ್ಯಾಲೆಂಡರನ್ನು ನೋಡಿದಳು.

ಅಧಿಕಾರಿ ಹಾಳೆಯನ್ನು ಕೆಳಗಿಟ್ಟು, ನೀವು ನಿಜವಾಗಿ ಈ ವಿಳಾಸದಲ್ಲಿ ವಾಸವಿದ್ದೀರಾ ಎಂದು ಕೇಳಿದರು.

ಗಂಡನ ಮುಖದ ಬಣ್ಣ ಇಳಿಯಿತು. ಇದ್ದೇನೆ ಎಂದ. ಅವನ ಮಾತಿಗೆ ಆ ಕೋಣೆಯಲ್ಲಿ ಈಗ ಬೆಲೆ ಇರಲಿಲ್ಲ. ಅಧಿಕಾರಿ ಅವಳ ಕಡೆ ನೋಡುತ್ತಿದ್ದರು. ಇಸ್ತ್ರಿಯಕ್ಕನ ನಾಲಿಗೆಯ ತುದಿಗೆ ಒಂದು ಪದ ಬಂದು ಕೂತಿತು. ಇಲ್ಲ ಎಂದರೆ ಸಾಕಿತ್ತು. ಕೆಲಸದ ಪತ್ರ, ಡಿಪೋದ ಕುರ್ಚಿ, ಎಲ್ಲವೂ ಆ ಎರಡಕ್ಷರದಲ್ಲಿ ಉರಿದುಹೋಗುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಬಾಯಲ್ಲಿಟ್ಟುಕೊಂಡ ಕಲ್ಲುಸಕ್ಕರೆಯಂತೆ ಆ ಪದವನ್ನು ಅತ್ತಿತ್ತ ಹೊರಳಿಸಿದಳು. ಅವನ ಹಣೆಯಲ್ಲಿ ಬೆವರು ಹುಟ್ಟಿ ಹುಬ್ಬಿನವರೆಗೆ ಇಳಿಯುವಷ್ಟು ಹೊತ್ತು. ಅವನು ಕಾದ. ಅವಳು ಕಾಯಿಸಿದಳು. ಆದರೆ ಅವಳ ಹೇಳಿಕೆ ಒಂಬತ್ತು ವರ್ಷದಿಂದ ಒಂದೇ ಆಗಿತ್ತು, ಅದರಲ್ಲಿ ಒಂದು ಕಲೆಯೂ ಇರಲಿಲ್ಲ. ಇವನ ಸಲುವಾಗಿ ಅದಕ್ಕೆ ಕಲೆ ಮಾಡಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

‘ಇರ್ತಾನೆ’ ಎಂದಳು. ‘ದಿನಾ ಬರ್ತಾನೆ, ತಿಂತಾನೆ, ಮಲಗ್ತಾನೆ, ಹೋಗ್ತಾನೆ. ಮನೆ ಮಾತ್ರ ಅವನಿಗೆ ಗೊತ್ತಿಲ್ಲ.’

ದುಭಾಷಿ ಹುಡುಗಿ ಇದನ್ನು ಅನುವಾದಿಸಿ, ನಗು ಬಾರದ ಹಾಗೆ ತುಟಿ ಬಿಗಿಹಿಡಿದಳು. ಅಧಿಕಾರಿ ಬಹಳ ಹೊತ್ತು ಬರೆದರು. ಆಮೇಲೆ ತೀರ್ಮಾನ ಹೇಳಿದರು. ಹೆಂಡತಿಯ ಹೇಳಿಕೆ ಸರಿ. ಗಂಡನ ಹೇಳಿಕೆ, ಇವತ್ತಿನದೂ ಸೇರಿದಂತೆ, ಸುಳ್ಳು. ಫೈಲು ಒಂದೇ ಆಗಿ ಉಳಿಯುವುದಾದರೆ ತಪ್ಪು ತಿದ್ದಲು ಒಂದು ವರ್ಷದ ಅವಕಾಶ ಕೊಟ್ಟು, ಆಮೇಲೆ ಇಬ್ಬರದೂ ಒಟ್ಟಿಗೆ ನೋಡುತ್ತಾರೆ. ಬೇರೆ ಮಾಡುವುದಾದರೆ ಅವಳದು ಇವತ್ತೇ ಮಂಜೂರು. ಅವನು ಹೊಸ ಅರ್ಜಿ ಹಾಕಿ ಸಾಲಿನ ಕೊನೆಯಿಂದ ಬರಬೇಕು. ಆಯ್ಕೆ ಅವಳದು.

ಗಂಡ ಅವಳ ಕಡೆ ಬಾಗಿ, ದುಭಾಷಿಗೆ ಕೇಳಿಸಬಾರದೆಂಬಂತೆ ಪಿಸುಗುಟ್ಟಿದ. ‘ಒಂದೇ ಇರಲಿ ಅನ್ನು. ಒಂದು ವರ್ಷ ತಾನೇ, ಇಷ್ಟು ದಿನ ತಾಳಿದ್ದೀಯ. ನನಗೋಸ್ಕರ.’

‘ಬೇರೆ ಮಾಡಿ’ ಎಂದಳು ಇಸ್ತ್ರಿಯಕ್ಕ, ಅಲ್ಲಿನ ಭಾಷೆಯಲ್ಲೇ. ಅದಕ್ಕೆ ಯಾರೂ ಅನುವಾದ ಮಾಡಬೇಕಾಗಲಿಲ್ಲ.

ಹಸಿರು ಚೀಟಿಯೊಂದನ್ನು ಅವಳ ಕೈಗೆ ಕೊಟ್ಟು, ಮೂರು ವಾರದ ಮೇಲೆ ಪ್ರಮಾಣ ತೆಗೆದುಕೊಳ್ಳಲು ಬರಬೇಕೆಂದರು. ಅವಳು ಅದನ್ನು ಮಡಿಸಲಿಲ್ಲ, ಒಂದು ನೆರಿಗೆಯೂ ಬೀಳದ ಹಾಗೆ ಚೀಲದಲ್ಲಿದ್ದ ಪುಸ್ತಕವೊಂದರೊಳಗೆ ಇಟ್ಟುಕೊಂಡಳು. ಕೆಳಗಿನ ಹಜಾರದಲ್ಲಿ ಗಂಡ ಟೋಕನ್ ಮೆಷಿನ್ನಿನ ಮುಂದೆ ನಿಂತಿದ್ದ, ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ. ಮೂವತ್ತನಾಲ್ಕು ಸಲ ಅದನ್ನು ಒತ್ತಿದ್ದವಳು ಅವನ ಪಕ್ಕದಿಂದಲೇ ಹಾದು ಬೀದಿಗಿಳಿದಳು. ಎರಡು ಗಂಟೆಗೆ ಅವಳ ಪಾಳಿ ಇತ್ತು.

ಸಂಜೆ ಬಿಡುವಿನ ಹೊತ್ತಿಗೆ ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಾಗ ಫೋನು ಬಂತು. ಗಂಡ ಮನೆಯಿಂದ ಮಾಡುತ್ತಿದ್ದ. ಹೊಸ ಅರ್ಜಿಗೆ ಹನ್ನೊಂದು ಕಾಗದ ಬೇಕಂತೆ. ಅವನ ಜನನ ಪತ್ರ, ಶಾಲೆಯ ಸರ್ಟಿಫಿಕೇಟು, ಮನೆಯ ಬಾಡಿಗೆ ಕರಾರು, ಇನ್ನೂ ಏನೇನೋ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿಗೆ ಪುರಸೊತ್ತಿಲ್ಲದಷ್ಟು ಗಾಬರಿ ಇತ್ತು.

‘ಎಲ್ಲಿಟ್ಟಿದ್ದೀಯೇ ಅವನ್ನೆಲ್ಲ?’

‘ಮನೇಲೇ ಇವೆ’ ಎಂದಳು. ‘ಹುಡುಕು.’

ಅವನು ಫೋನನ್ನು ಎಲ್ಲೋ ಇಟ್ಟು ಹುಡುಕತೊಡಗಿದ. ಅವಳು ಕಿವಿಗೊಟ್ಟು ಕೂತಳು. ಕೀರಲು ಸದ್ದು ಮಾಡಿ ತೆರೆದದ್ದು ಚಮಚಗಳ ಡ್ರಾಯರು. ಢಬ್ ಎಂದು ಮುಚ್ಚಿದ್ದು ಬೂಟಿನ ಗೂಡು. ಆಮೇಲೆ ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿದ ಸದ್ದು: ಸಾಮಾನಿನ ಕಪಾಟು. ಅಲ್ಲೆಲ್ಲೂ ಇಲ್ಲ. ಹಾಸಿಗೆಯ ಹೊದಿಕೆಗಳ ಕೆಳಗೆ ಕಾಗದಗಳಿಟ್ಟ ಕಪಾಟಿನ ಬಾಗಿಲನ್ನು ಸ್ವಲ್ಪ ಎತ್ತಿ ಎಳೆಯಬೇಕು, ಆಗ ಅದು ಸದ್ದೇ ಇಲ್ಲದೆ ತೆರೆಯುತ್ತದೆ. ಅವನು ಅದನ್ನು ನೇರವಾಗಿ ಎಳೆದ, ಅದು ಬರಲಿಲ್ಲ, ಬೀಗ ಹಾಕಿದೆಯೆಂದುಕೊಂಡು ಮುಂದಕ್ಕೆ ಹೋದ. ಮತ್ತೆ ಚಮಚಗಳ ಸದ್ದು ಕೇಳಿಸಿತು.